ಮೂರನೇ ದಿನದ ಲೆಕ್ಕ: ಮನೆಯಲ್ಲಿ ಒಬ್ಬರು ಚಟಕ್ಕೆ ಸಿಕ್ಕಿದ್ದರೆ

"ಅಣ್ಣಾ, ಕುಡಿತ ಬಿಡಿಸಲು ಗೊತ್ತಾಗದ ಹಾಗೆ ಸಾರಿಗೆ ಹಾಕುವ ಮಾತ್ರೆ ಉಂಟಂತಲ್ಲ, ಅದೊಂದು ಸ್ಟ್ರಿಪ್ ಕೊಡಿ."

ಮಲ್ಪೆ ಬಂದರಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಶಾಪ್. 22 ವರ್ಷ ಆಯಿತು. ಈ ಮಾತನ್ನು ತಿಂಗಳಿಗೆ ಒಂದೆರಡು ಸಲವಾದರೂ ಕೇಳುತ್ತೇನೆ. ಕೇಳುವವರು ಹೆಚ್ಚಾಗಿ ಹೆಂಗಸರು. ಅಂಗಡಿ ಖಾಲಿಯಾಗುವವರೆಗೆ ಬದಿಯಲ್ಲಿ ನಿಂತಿರುತ್ತಾರೆ. ಮೊದಲು ಪ್ಯಾರಾಸಿಟಮಾಲ್ ಕೇಳಿ, ದುಡ್ಡು ಕೊಟ್ಟು, ಆಮೇಲೆ ದನಿ ತಗ್ಗಿಸಿ ಇದನ್ನು ಕೇಳುತ್ತಾರೆ.

ನಾನು ಕೊಡುವುದಿಲ್ಲ. ಆದರೆ ಸುಮ್ನೆ "ಇಲ್ಲ" ಅಂದು ಕಳಿಸಿದರೆ ಅವರು ಇನ್ನೊಂದು ಅಂಗಡಿಗೆ ಹೋಗುತ್ತಾರೆ, ಅಲ್ವಾ? ಅದಕ್ಕೆ ಸ್ಟೂಲ್ ಕೊಟ್ಟು ಕೂರಿಸಿ ಒಂದಷ್ಟು ಹೇಳುತ್ತೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಕೌಂಟರಿನ ಈಚೆ ನಿಂತು ನೋಡಿದ್ದು, ಮನೆಯಲ್ಲೇ ಪೆಟ್ಟು ತಿಂದು ಕಲಿತದ್ದು, ಡಾಕ್ಟರುಗಳಿಂದ ಕೇಳಿ ತಿದ್ದಿಕೊಂಡದ್ದು, ಇಷ್ಟೇ ನನ್ನ ಬಂಡವಾಳ.

ಮೊದಲು ಆ ಮಾತ್ರೆಯ ಕತೆ

ಅವರು ಕೇಳುವುದು ಡೈಸಲ್ಫಿರಾಮ್. 1940ರ ದಶಕದ ಕೊನೆಗೆ ಡೆನ್ಮಾರ್ಕಿನಲ್ಲಿ ಕುಡಿತ ಬಿಡಿಸಲು ಬಳಕೆಗೆ ಬಂದ ಮದ್ದು. ಕುಡಿದ ಆಲ್ಕೋಹಾಲನ್ನು ಲಿವರ್ ಎರಡು ಹಂತದಲ್ಲಿ ಒಡೆಯುತ್ತದೆ. ಮೊದಲ ಹಂತದಲ್ಲಿ ಅಸೆಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ, ಎರಡನೆಯದರಲ್ಲಿ ಅದು ಕರಗುತ್ತದೆ. ಈ ಮಾತ್ರೆ ಎರಡನೇ ಹಂತಕ್ಕೆ ಬೀಗ ಹಾಕುತ್ತದೆ. ಆಮೇಲೆ ಒಂದು ಪೆಗ್ ಹೊಟ್ಟೆಗೆ ಬಿದ್ದರೂ ಮುಖ ಕೆಂಪೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿ ಬರುತ್ತದೆ, ಬಿಪಿ ಇಳಿಯುತ್ತದೆ. ಹೃದಯ ಗಟ್ಟಿಯಿಲ್ಲದವನಾದರೆ ಜೀವವೇ ಹೋಗಬಹುದು.

ಗೊತ್ತಿದ್ದು, ಒಪ್ಪಿ, ರಕ್ತ ಪರೀಕ್ಷೆ ಇಸಿಜಿ ಎಲ್ಲ ಆದ ಮೇಲೆ, ಮನೆಯವರ ಕಣ್ಣೆದುರು ದಿನಾ ನುಂಗುವವನಿಗೆ ಇದು ಒಳ್ಳೆಯ ಮದ್ದು. ಬಂಗುಡೆ ಸಾರಿನಲ್ಲಿ ಕದ್ದು ಹಾಕಿದರೆ? ಪಾಪದವನಿಗೆ ಏನೂ ಗೊತ್ತಿಲ್ಲ. ಎಂದಿನಂತೆ ಒಂದು ಕ್ವಾರ್ಟರ್ ಏರಿಸುತ್ತಾನೆ. ಬಿದ್ದಾಗ ಡಾಕ್ಟರಿಗೆ ಹೇಳಲು ಅವನ ಬಳಿ ಉತ್ತರ ಇಲ್ಲ, ಹಾಕಿದ್ದು ತಾನೇ ಎಂದು ಒಪ್ಪಲು ಹೆಂಡತಿಗೆ ಧೈರ್ಯ ಇಲ್ಲ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಬೀಗ ದೇಹದಲ್ಲಿ ಉಳಿಯಬಹುದು. ಮತ್ತೆ ನಮ್ಮ ಮನೆಗಳಲ್ಲಿ ಆಯುರ್ವೇದದ ಅರಿಷ್ಟ ಕುಡಿಯುವ ಅಭ್ಯಾಸ ಉಂಟು. ಅರಿಷ್ಟದಲ್ಲೂ ಆಲ್ಕೋಹಾಲ್ ಇದೆ.

ಯಾರಿಗೂ ತಿಳಿಯದ ಹಾಗೆ ಕುಡಿತ ಬಿಡಿಸುವ ಪುಡಿ ಎಂದು ಜಾಹೀರಾತು ಬರುತ್ತದಲ್ಲ, ಅದರಲ್ಲಿ ಏನಿದೆ ಅಂತ ನನ್ನನ್ನು ಕೇಳಬೇಡಿ. ಒಳಗೆ ಏನಿದೆ ಎಂದು ಬರೆಯದ ಪೊಟ್ಟಣವನ್ನು ನಾನು ನನ್ನ ನಾಯಿಗೂ ಹಾಕುವುದಿಲ್ಲ.

ಚಟವೋ ಕಾಯಿಲೆಯೋ: ಹೇಗೆ ನೋಡುವುದು

"ಅವನಿಗೆ ಮನಸ್ಸು ಗಟ್ಟಿ ಇಲ್ಲ" ಎಂಬ ಮಾತು ನಮ್ಮಲ್ಲಿ ಜಾಸ್ತಿ. ನಾನೂ ಹೇಳುತ್ತಿದ್ದೆ. ಬಿರುಗಾಳಿಯಲ್ಲಿ ಬೋಟು ದಡಕ್ಕೆ ತರುವ ತಾಂಡೇಲನಿಗೆ, ಅಂದರೆ ಬೋಟು ನಡೆಸುವವನಿಗೆ, ಮನಸ್ಸು ಗಟ್ಟಿ ಇಲ್ಲ ಎಂದರೆ ನಗು ಬರುತ್ತದೆ ಈಗ.

ಡಾಕ್ಟರುಗಳು 11 ಲಕ್ಷಣ ಇಟ್ಟುಕೊಂಡು ನೋಡುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಎಂಬ ಕೈಪಿಡಿಯ ಲೆಕ್ಕ ಅದು. ಹೋದ 12 ತಿಂಗಳಲ್ಲಿ ಎರಡು ಮೂರು ಇದ್ದರೆ ಸೌಮ್ಯ, ನಾಲ್ಕೈದು ಇದ್ದರೆ ಮಧ್ಯಮ, ಆರು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ತೀವ್ರ. ಎಷ್ಟು ವರ್ಷದಿಂದ ಕುಡಿಯುತ್ತಾನೆ, ದಿನಕ್ಕೆ ಎಷ್ಟು ಖರ್ಚು ಮಾಡುತ್ತಾನೆ ಎಂಬುದು ಆ ಪಟ್ಟಿಯಲ್ಲೇ ಇಲ್ಲ. ಅದು ಕೇಳುವುದೇ ಬೇರೆ. ಒಂದೇ ಎಂದು ಹೊರಟು ಮೂರಕ್ಕೆ ನಿಲ್ಲುತ್ತಾನಾ? ಬಿಡಬೇಕೆಂದು ತಾನೇ ನೋಡಿ ಸೋತಿದ್ದಾನಾ? ಅದು ಬೇಕು ಎಂಬ ತುಡಿತ ಬಂದರೆ ಬೇರೆ ಯಾವುದೂ ತಲೆಗೆ ಹೋಗುವುದಿಲ್ಲವಾ? ಯಕ್ಷಗಾನ, ವಾಲಿಬಾಲ್ ಎಂದು ಹೋಗುತ್ತಿದ್ದವ ಅದೆಲ್ಲ ಬಿಟ್ಟಿದ್ದಾನಾ? ಲಿವರಿಗೆ ಏಟಾಗಿದೆ ಎಂದು ಗೊತ್ತಾದ ಮೇಲೂ ಮುಂದುವರಿಸಿದ್ದಾನಾ? ಮೊದಲು ಒಂದು ನೈಂಟಿಗೆ ಬರುತ್ತಿದ್ದ ಕಿಕ್‌ಗೆ ಈಗ ಎರಡು ಕ್ವಾರ್ಟರ್ ಬೇಕಾ? ಬೆಳಿಗ್ಗೆ ಕೈ ನಡುಗುತ್ತದಾ?

ಮನೆಯಲ್ಲಿ ಕೂತು ಇದನ್ನು ನೀವೇ ಲೆಕ್ಕ ಹಾಕಿ. ತೀರ್ಪು ಕೊಡಲಿಕ್ಕಲ್ಲ, ಡಾಕ್ಟರ ಎದುರು ಹೇಳಲಿಕ್ಕೆ.

ಪ್ರಮಾಣವನ್ನೂ ಬರೆದಿಡಿ. "ಸ್ವಲ್ಪ" ಎಂಬ ಶಬ್ದ ಯಾವ ಉಪಯೋಗಕ್ಕೂ ಬಾರದು. ಒಂದು ಕ್ವಾರ್ಟರ್ ಅಂದರೆ 180 ಮಿಲಿ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ಮಿನಲ್ಲಿ ಶೇಕಡಾ 42.8 ಆಲ್ಕೋಹಾಲ್. ಅಂದರೆ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ. ಲಿವರ್ ಕರಗಿಸುವುದು ಗಂಟೆಗೆ ಹೆಚ್ಚುಕಡಿಮೆ 7ರಿಂದ 10 ಗ್ರಾಂ. ರಾತ್ರಿ 11ಕ್ಕೆ ಕ್ವಾರ್ಟರ್ ಮುಗಿಸಿದವ ಬೆಳಿಗ್ಗೆ 5ಕ್ಕೆ ಬೈಕ್ ತೆಗೆಯುವಾಗ ಇನ್ನೂ ಅಮಲಿನಲ್ಲಿರಬಹುದು, ಅವನಿಗೇ ಗೊತ್ತಿಲ್ಲದೆ. "ನಾನು ಬರೀ ಬಿಯರ್" ಎನ್ನುವವರಿಗೆ: 8 ಶೇಕಡಾದ 650 ಮಿಲಿ ಸ್ಟ್ರಾಂಗ್ ಬಾಟ್ಲಿಯಲ್ಲಿ 40 ಗ್ರಾಂ ಉಂಟು, ನೈಂಟಿಗಿಂತ ಜಾಸ್ತಿ.

ಮೂರನೇ ದಿನ

ಇನ್ನು ನನ್ನದೇ ಮರ್ಯಾದೆ ಹೋದ ಕತೆ.

ನನ್ನ ಅಕ್ಕನ ಗಂಡ ತಾಂಡೇಲ. ಸಮುದ್ರಕ್ಕೆ ಹೋದರೆ ಎಂಟು ಹತ್ತು ದಿನ. ದಡಕ್ಕೆ ಬಂದರೆ ಹಿಡಿದ ಮೀನಿನ ಪಾಲಿನ ದುಡ್ಡು ಕೈಯಲ್ಲಿ. 2007ರ ಜುಲೈಯಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಅಕ್ಕ ಖುಷಿಪಟ್ಟಿದ್ದಳು. ಭಾವ ಪ್ಯಾಕೆಟಿನಿಂದ ಬಾಟ್ಲಿಗೆ ದಾಟಿದ, ಅಷ್ಟೇ ಆದದ್ದು. ಕೆಲವು ವರ್ಷ ಕಳೆದು ಒಂದು ಮಳೆಗಾಲ, ಬೋಟುಗಳೆಲ್ಲ ದಡದಲ್ಲಿ ಕಟ್ಟಿದ್ದಾಗ, ಅವನದ್ದು ಬೆಳಿಗ್ಗೆ ಎದ್ದ ಕೂಡಲೇ ಶುರುವಾಯಿತು. ಹಲ್ಲುಜ್ಜುವ ಮೊದಲೇ ಒಂದು ನೈಂಟಿ. ಇಲ್ಲದಿದ್ದರೆ ಚಾದ ಲೋಟ ಹಿಡಿಯಲು ಆಗುತ್ತಿರಲಿಲ್ಲ.

ಅಕ್ಕ ಅವನನ್ನು ಕುಟುಂಬದ ದೈವದ ಎದುರು ನಿಲ್ಲಿಸಿ ಪ್ರಮಾಣ ಮಾಡಿಸಿದಳು. ಭಾವ ಒಪ್ಪಿದ, ಅತ್ತ, ಮನಸಾರೆ ಒಪ್ಪಿದ. ನಾನು ದೊಡ್ಡ ಜನದ ಹಾಗೆ ಹೇಳಿದೆ: "ಮೂರು ದಿನ ನಡುಗುತ್ತಾನೆ, ಆಮೇಲೆ ಸರಿ ಆಗುತ್ತಾನೆ. ಕೋಣೆಯಲ್ಲಿ ಕೂರಿಸಿ. ಮದ್ದು ನಾನು ನೋಡಿಕೊಳ್ಳುತ್ತೇನೆ."

ಮೊದಲ ದಿನ ಬೆವರು, ನಡುಕ, ವಾಂತಿ. ಓಆರ್‌ಎಸ್ ಕೊಟ್ಟೆ. ಎರಡನೇ ದಿನ ನಸುಕಿಗೆ ಫಿಟ್ಸ್ ಬಂತು. ಅಕ್ಕ ಬೀಗದ ಕೈಗೊಂಚಲು ತಂದು ಕೈಗೆ ತುರುಕಿದಳು. ನಾಲಿಗೆ ಕಚ್ಚಿ ರಕ್ತ. ಎರಡು ನಿಮಿಷಕ್ಕೆ ನಿಂತಿತು, ಆಮೇಲೆ ನಿದ್ದೆ ಮಾಡಿದ. ಕಷ್ಟದ್ದು ಮುಗಿಯಿತು ಎಂದುಕೊಂಡೆ ನಾನು.

ಮೂರನೇ ದಿನ ಸಂಜೆ ಭಾವ ಚಾಪೆಯ ಮೇಲೆ ಕೂತು ಬಲೆ ಬಿಡಿಸುತ್ತಿದ್ದ. ಬಲೆ ಇರಲಿಲ್ಲ. ಹೊದಿಕೆಯ ಅಂಚನ್ನು ಹಿಡಿದು, ಕಣ್ಣಿಯಿಂದ ಮೀನು ಬಿಡಿಸಿದ ಹಾಗೆ ಒಂದೊಂದೇ ಬಿಡಿಸಿ ಬದಿಗೆ ಎಸೆಯುತ್ತಿದ್ದ. ಹೆಬ್ಬೆರಳು, ತೋರುಬೆರಳು, ಒಂದು ತಿರುವು, ಎಸೆತ. ಅಷ್ಟು ಸರಿಯಾಗಿ ಮಾಡುತ್ತಿದ್ದ ಎಂದರೆ ನೋಡುವವರಿಗೆ ಮೀನು ಕಾಣಬೇಕು. ನಡುನಡುವೆ ಅಲ್ಲಿ ಇಲ್ಲದ ಕಲಾಸಿಗಳಿಗೆ, ಅಂದರೆ ಬೋಟಿನ ಆಳುಗಳಿಗೆ, ಬೈಯುತ್ತಿದ್ದ. ಗೋಡೆಯಲ್ಲಿ ಇರುವೆ ಸಾಲು ಎಂದು ಒರೆಸಲು ಎದ್ದ. ಮೈ ಬಿಸಿ ಕೆಂಡ. ನನ್ನನ್ನು ನೋಡಿ ಯಾರು ಎಂದು ಕೇಳಿದ.

ಮನೆಯಲ್ಲಿ ಹೇಳಿದರು: ದೈವಕ್ಕೆ ಮಾತು ಕೊಡುವಾಗ ಏನೋ ತಪ್ಪಾಗಿದೆ, ಜ್ಯೋತಿಷಿಯಲ್ಲಿ ಪ್ರಶ್ನೆ ಇಡಬೇಕು. ಪಕ್ಕದ ಮನೆಯ ನರ್ಸ್ ಡ್ಯೂಟಿ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತು ನೋಡಿ, "ಪ್ರಶ್ನೆ ನಾಳೆ ಇಡಿ, ಈಗ ಆಂಬುಲೆನ್ಸ್ ಕರೆಯಿರಿ" ಎಂದಳು. ಐದು ದಿನ ಐಸಿಯು. ಡಾಕ್ಟರು ನನ್ನನ್ನು ಕೇಳಿದ್ದು ಒಂದೇ: "ನೀವು ಮೆಡಿಕಲ್ ಶಾಪಿನವರು ಅಲ್ವಾ?"

ಆದದ್ದು ಏನೆಂದು ಆಮೇಲೆ ಭಾವನಿಗೆ ಅವನ ಭಾಷೆಯಲ್ಲೇ ಹೇಳಿದೆ. ಟ್ರಾಲ್ ಬಲೆ ಎಳೆಯುವಾಗ ಹಿಂದಿನಿಂದ ಭಾರ ಜಗ್ಗುತ್ತದೆ, ಅದಕ್ಕೆ ಇಂಜಿನಿಗೆ ಜಾಸ್ತಿ ಕೊಟ್ಟಿರುತ್ತಾರೆ. ಪಕ್ಕನೆ ರೋಪು ತುಂಡಾದರೆ? ಬೋಟು ಮುಂದಕ್ಕೆ ಹಾರುತ್ತದೆ. ಮದ್ಯ ಮಿದುಳನ್ನು ಹಿಂದಕ್ಕೆ ಜಗ್ಗುವ ಬಲೆ. ವರ್ಷಗಟ್ಟಲೆ ಜಗ್ಗಿದರೆ ಮಿದುಳು ತನ್ನ ಇಂಜಿನ್ ಏರಿಸಿಕೊಂಡೇ ಓಡಲು ಕಲಿಯುತ್ತದೆ. ಒಂದೇ ದಿನ ಕುಡಿತ ನಿಲ್ಲಿಸಿದಿರೋ, ರೋಪು ತುಂಡು. ನಡುಕ, ಫಿಟ್ಸ್, ಭ್ರಮೆ ಎಲ್ಲ ಆ ಹಾರುವಿಕೆ.

ಇದಕ್ಕೊಂದು ಗಡಿಯಾರ ಉಂಟು. ಕೊನೆಯ ಪೆಗ್ಗಿನಿಂದ ಎಣಿಸಿ. 6ರಿಂದ 8 ಗಂಟೆಯಲ್ಲಿ ನಡುಕ, ಬೆವರು. ಫಿಟ್ಸ್ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಭಾವನಿಗೆ ಬಂದ ಭ್ರಮೆಯ ಸ್ಥಿತಿಗೆ ಡೆಲಿರಿಯಮ್ ಟ್ರೆಮೆನ್ಸ್ ಎನ್ನುತ್ತಾರೆ. ಅದು ಸಾಮಾನ್ಯವಾಗಿ 48ರಿಂದ 96 ಗಂಟೆಯ ನಡುವೆ. ಚಿಕಿತ್ಸೆ ಸಿಗದಿದ್ದರೆ ಸಾಯಲೂಬಹುದು. ಎಲ್ಲರಿಗೂ ಹೀಗಾಗುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕುಡಿಯಬೇಕಾಗುವವರು, ಮೊದಲು ಒಮ್ಮೆ ಫಿಟ್ಸ್ ಬಂದವರು, ವಯಸ್ಸಾದವರು, ಜ್ವರವೋ ಲಿವರ್ ತೊಂದರೆಯೋ ಇರುವವರು, ಇವರನ್ನು ಮಾತ್ರ ಮನೆಯಲ್ಲಿ ಬಿಡಿಸಲು ಹೋಗಲೇಬೇಡಿ. ಆಸ್ಪತ್ರೆಯಲ್ಲಿ ಡಯಾಜೆಪಾಮ್, ಲೊರಾಜೆಪಾಮ್ ಜಾತಿಯ ಮದ್ದು ಕೊಟ್ಟು, ದಿನದಿನಕ್ಕೆ ಕಡಿಮೆ ಮಾಡಿ, ರೋಪನ್ನು ನಿಧಾನವಾಗಿ ಸಡಿಲಿಸುತ್ತಾರೆ. ಅದನ್ನು ನನ್ನಂಥವರ ಅಂಗಡಿಯಿಂದ ತಂದು ನೀವೇ ಕೊಡುವಂತಿಲ್ಲ.

ದೈವದ ಎದುರು ಪ್ರಮಾಣ ತಪ್ಪು ಎಂದು ನಾನು ಹೇಳುವುದಿಲ್ಲ. ನಮ್ಮ ಕಡೆ ಎಷ್ಟೋ ಜನ ಆ ಮಾತಿನ ಮೇಲೆಯೇ ನಿಂತಿದ್ದಾರೆ. ಮೊದಲು ಆಸ್ಪತ್ರೆ ಮುಗಿಸಿ, ಆಮೇಲೆ ಕರೆದುಕೊಂಡು ಹೋಗಿ. ದೈವ ಒಂದು ವಾರ ಕಾಯುತ್ತದೆ.

ಫಿಟ್ಸ್ ಬಂದರೆ: ಬದಿಗೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಚಮಚ ಬೆರಳು ಏನೂ ಹಾಕಬೇಡಿ, ಬೀಗದ ಕೈ ಬೀಗದಲ್ಲೇ ಇರಲಿ, 108ಕ್ಕೆ ಫೋನ್ ಮಾಡಿ.

ಇನ್ನೆರಡು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕುಡಿಯುವವ ಸುಸ್ತಾದರೆ ಮನೆಯವರು ಹತ್ತಿರದ ಕ್ಲಿನಿಕ್ಕಿಗೆ ಹೋಗಿ "ಒಂದು ಗ್ಲೂಕೋಸ್ ಹಾಕಿ" ಎನ್ನುತ್ತಾರೆ. ಊಟ ಬಿಟ್ಟು ಕುಡಿದವನ ದೇಹದಲ್ಲಿ ಬಿ1 ವಿಟಮಿನ್, ಅಂದರೆ ಥಯಮಿನ್, ಬತ್ತಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಏಟು ಬೀಳಬಹುದು. ಕಣ್ಣು ಓಲಾಡುತ್ತದೆ, ನಡಿಗೆ ತಪ್ಪುತ್ತದೆ, ನೆನಪು ಹೋದರೆ ಕೆಲವರಿಗೆ ತಿರುಗಿ ಬರುವುದೇ ಇಲ್ಲ. ಹಾಗಾಗಿ ಕುಡಿಯುವ ಜನ ಎಂದು ಡಾಕ್ಟರಿಗೆ ಮೊದಲೇ ಹೇಳಿ. ಎರಡನೆಯದು, ಕಾಲು ಮುರಿದು ಅಡ್ಮಿಟ್ ಆದವನ ಕುಡಿತವನ್ನು ಮರ್ಯಾದೆಗೆಂದು ಮುಚ್ಚಿಡುತ್ತಾರೆ. ಮೂರನೇ ರಾತ್ರಿ ವಾರ್ಡಿನಲ್ಲಿ ಅವನು ಡ್ರಿಪ್ ಕಿತ್ತು ಓಡುತ್ತಾನೆ. ಲೆಕ್ಕ ಅದೇ.

ಮಾತ್ರೆ, ಗಾಂಜಾ, ಪೌಡರ್

ಮದ್ಯದ ಗಡಿಯಾರ ಎಲ್ಲದಕ್ಕೂ ನಡೆಯುವುದಿಲ್ಲ. ಒಂದೊಂದು ವಸ್ತುವಿಗೆ ಒಂದೊಂದು ಗುಣ.

ಅಲ್ಪ್ರಾಜೋಲಾಮ್, ನೈಟ್ರಾಜೆಪಾಮ್ ಥರದ ನಿದ್ದೆ ಮಾತ್ರೆಗಳು ಮದ್ಯದ ದಾಯಾದಿಗಳು. ತುಂಬ ಕಾಲ ನುಂಗಿದವ ಪಕ್ಕನೆ ಬಿಟ್ಟರೆ ಅವನಿಗೂ ಫಿಟ್ಸ್ ಬರಬಹುದು. ವಾರ, ತಿಂಗಳು ಹಿಡಿದು ಇಳಿಸಬೇಕು. ಹರಿದ ಚೀಟಿ ತಂದು "ನಿನ್ನೆಯದ್ದೇ ಕೊಡಿ" ಎನ್ನುವವರಲ್ಲಿ ಹುಡುಗರಿಗಿಂತ ಐವತ್ತು ದಾಟಿದ ಅಮ್ಮಂದಿರೇ ಜಾಸ್ತಿ, ಇದನ್ನು ಯಾರೂ ಡ್ರಗ್ಸ್ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಈ ಮಾತ್ರೆಗಳು 2014ರಿಂದ ಶೆಡ್ಯೂಲ್ ಎಚ್1 ಎಂಬ, ಚೀಟಿ ಇಲ್ಲದೆ ಮಾರಬಾರದ ಮದ್ದುಗಳ ಪಟ್ಟಿಯಲ್ಲಿವೆ. ಚೀಟಿ ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆ ಎಂದು ನಾನು ಬೇರೆಯೇ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಚೀಟಿ ಕೇಳಿದ್ದಕ್ಕೆ ನನ್ನ ಮೇಲೆ ಸಿಟ್ಟಾದವರು ಸುಮಾರು ಜನ ಇದ್ದಾರೆ, ಇರಲಿ.

ಕೊಡೀನ್ ಇರುವ ಕೆಮ್ಮಿನ ಸಿರಪ್, ನೋವಿನ ಮದ್ದು ಟ್ರಮಡಾಲ್, ಬ್ರೌನ್ ಶುಗರ್, ಇವು ಅಫೀಮಿನ ಕಡೆಯವು. ಬಿಟ್ಟಾಗ ಮೂಗು ಸೋರುತ್ತದೆ, ಆಕಳಿಕೆ ಮೇಲೆ ಆಕಳಿಕೆ, ರೋಮ ನಿಮಿರುತ್ತದೆ, ಭೇದಿ, ಮೈಯೆಲ್ಲ ಮುರಿದ ಹಾಗೆ ನೋವು. ನೋಡಲು ಭಯಂಕರ, ಆದರೆ ಇದರಿಂದಲೇ ಸಾಯುವುದು ಅಪರೂಪ. ಸಾವು ಕಾಯುವುದು ಬಿಟ್ಟ ಮೇಲೆ. ಒಂದು ತಿಂಗಳು ಎಲ್ಲೋ ಇದ್ದು ಶುದ್ಧವಾಗಿ ಬಂದವ, ಹಳೆಯ ಗೆಳೆಯರ ಜೊತೆ ಹಳೆಯ ಅಳತೆಯನ್ನೇ ತೆಗೆದುಕೊಂಡರೆ, ದೇಹಕ್ಕೆ ಆ ಅಭ್ಯಾಸ ಈಗ ಇಲ್ಲ, ಉಸಿರು ನಿಲ್ಲುತ್ತದೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ತುಟಿ ನೀಲಿ, ಗೊರಕೆಯಂಥ ಉಸಿರು ಕಂಡರೆ ತಡ ಮಾಡದೆ 108. ಆಸ್ಪತ್ರೆಯಲ್ಲಿ ನಾಲೊಕ್ಸೋನ್ ಎಂಬ ಇಂಜೆಕ್ಷನ್ ಉಂಟು, ನಿಮಿಷಗಳಲ್ಲಿ ಉಸಿರು ಮರಳಿಸುತ್ತದೆ. ಏನು ತೆಗೆದುಕೊಂಡ ಎಂದು ಅಲ್ಲಿ ಸುಳ್ಳು ಹೇಳಬೇಡಿ.

ಗಾಂಜಾಕ್ಕೆ "ಅದು ಗಿಡ, ಏನೂ ಆಗುವುದಿಲ್ಲ" ಎಂಬ ಮಾತು. ಹದಿಹರೆಯದಲ್ಲಿ ಶುರು ಮಾಡಿ ದಿನಾ ಸೇದುವವರಲ್ಲಿ ಮನೋವಿಕಾರದ ಅಪಾಯ ಜಾಸ್ತಿ. ಬಿಟ್ಟಾಗ ನಿದ್ದೆ ಇಲ್ಲ, ಹಸಿವಿಲ್ಲ, ಮುಟ್ಟಿದರೆ ಸಿಡಿಯುತ್ತಾರೆ. ಒಂದೆರಡು ವಾರ ಅಷ್ಟೇ.

ಎಂಡಿಎಂಎ ಎಂಬ ಡ್ರಗ್ಸ್‌ನ ಹೆಸರು ಈಗ ಮಂಗಳೂರು, ಮಣಿಪಾಲದಲ್ಲಿ ಮಕ್ಕಳನ್ನು ಓದಲು ಬಿಟ್ಟ ಎಲ್ಲ ಅಪ್ಪ ಅಮ್ಮಂದಿರ ಬಾಯಲ್ಲಿದೆ. 2025ರ ಮಾರ್ಚ್‌ನಲ್ಲಿ ಮಂಗಳೂರು ಪೊಲೀಸರು ಬೆಂಗಳೂರಿಗೆ ಹೋಗಿ 37 ಕಿಲೋಗಿಂತ ಜಾಸ್ತಿ ಹಿಡಿದ ಮೇಲಂತೂ. ಇದು ಮಿದುಳಿನಲ್ಲಿರುವ ಸೆರೊಟೊನಿನ್ ಎಂಬ ರಾಸಾಯನಿಕವನ್ನು ಒಮ್ಮೆಗೇ ಸುರಿದುಬಿಡುತ್ತದೆ. ಮೂರರಿಂದ ಆರು ಗಂಟೆ ಎಲ್ಲರ ಮೇಲೂ ಪ್ರೀತಿ. ಶನಿವಾರ ಸುರಿದದ್ದಕ್ಕೆ ಸೋಮವಾರ ಮಂಗಳವಾರ ಖಾಲಿ: ಬೇಸರ, ಅಳು. ಹಲ್ಲು ಕಡಿದು ದವಡೆ ನೋವು. ನಮ್ಮ ಸೆಕೆಯಲ್ಲಿ, ಮುಚ್ಚಿದ ಹಾಲ್‌ನಲ್ಲಿ ಕುಣಿಯುವಾಗ ಮೈ ಬಿಸಿ ಏರಿ ಅಂಗಗಳೇ ಕೆಡಬಹುದು. ಅದಕ್ಕೆ ಹೆದರಿ ಲೀಟರುಗಟ್ಟಲೆ ನೀರು ಕುಡಿದರೆ ರಕ್ತದ ಉಪ್ಪಿನಂಶ ಇಳಿದು ಇನ್ನೊಂದು ಅಪಾಯ. ಪೊಟ್ಟಣದಲ್ಲಿ ನಿಜಕ್ಕೂ ಏನಿದೆ ಎಂಬುದು ಮಾರುವವನಿಗೂ ಗೊತ್ತಿರುವುದಿಲ್ಲ.

"ಮೂತ್ರ ಪರೀಕ್ಷೆಯ ಕಿಟ್ ಕೊಡಿ, ಮಗನಿಗೆ ಗೊತ್ತಾಗಬಾರದು" ಎಂದು ಕೇಳುವ ಅಪ್ಪಂದಿರೂ ಬರುತ್ತಾರೆ. ಎಂಡಿಎಂಎ ಕೆಲವೇ ದಿನಕ್ಕೆ ಮೂತ್ರದಿಂದ ಹೋಗುತ್ತದೆ. ದಿನಾ ಸೇದಿದವನ ಗಾಂಜಾ ಕೊಬ್ಬಿನಲ್ಲಿ ಕೂತು ವಾರಗಟ್ಟಲೆ ತೋರಿಸುತ್ತದೆ. ಹಾಗಾಗಿ ಕಿಟ್ ಹೇಳುವುದು ಅರ್ಧ ಸತ್ಯ. ಕದ್ದು ಮಾಡಿದ್ದು ಗೊತ್ತಾದರೆ ಮಗ ಮತ್ತೆ ಬಾಯಿ ಬಿಡುವುದಿಲ್ಲ.

ಪೊಲೀಸರ ಹೆದರಿಕೆಯಿಂದ ಚಿಕಿತ್ಸೆಗೆ ಹೋಗದವರಿಗೆ: ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಎಂಬ ಸೆಕ್ಷನ್ ಉಂಟು. ಸೇವನೆಯ ಕೇಸೋ ಸಣ್ಣ ಪ್ರಮಾಣದ ಕೇಸೋ ಆದ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದಾದರೆ ವಿಚಾರಣೆಯಿಂದ ರಕ್ಷಣೆ ಸಿಗಬಹುದು, ಚಿಕಿತ್ಸೆ ಪೂರ್ತಿ ಮುಗಿಸಬೇಕು. ವಕೀಲರಲ್ಲಿ ಕೇಳಿ.

ಎಲ್ಲಿಗೆ, ಹೇಗೆ

ಮೊದಲ ಹೆಜ್ಜೆ ಫೋನ್ ಆಗಲಿ. 14416 ಟೆಲಿ ಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ 14446 ಇದೆ. ಎರಡಕ್ಕೂ ದುಡ್ಡಿಲ್ಲ. ಮಂಗಳೂರಿನವರಿಗೆ ವೆನ್ಲಾಕ್, ಉಡುಪಿಯವರಿಗೆ ಜಿಲ್ಲಾಸ್ಪತ್ರೆ, ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆ, ಮಣಿಪಾಲದ ಕೆಎಂಸಿ. ಕೇಳಬೇಕಾದದ್ದು ಸೈಕಿಯಾಟ್ರಿ ವಿಭಾಗ. ಆ ಬೋರ್ಡ್ ನೋಡಿ "ನನಗೆ ಹುಚ್ಚಾ?" ಎಂದು ಎಲ್ಲರೂ ಒಮ್ಮೆ ತಿರುಗಿ ನಿಲ್ಲುತ್ತಾರೆ. ಮುಂಚೆಯೇ ಹೇಳಿಟ್ಟರೆ ಒಳ್ಳೆಯದು.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳಿಂದ ಬದಲಾದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೇರುವಾಗ ಬೆಳಗಿನ ಕುಡಿತ, ಹಿಂದಿನ ಫಿಟ್ಸ್ ಇದ್ದರೆ ಮುಚ್ಚಿಡದೆ ಹೇಳಿ. ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಸೇರಿ ಮಾತಾಡುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳು ಮಂಗಳೂರಿನಲ್ಲಿ ನಡೆಯುತ್ತವೆ, ಫೀಸಿಲ್ಲ. ನನ್ನ ಭಾವ ಎರಡು ಸಲ ಹೋಗಿ "ನನಗೆ ಭಾಷಣ ಆಗುವುದಿಲ್ಲ" ಎಂದು ಬಿಟ್ಟ. ಅವನ ದೋಸ್ತಿ ಅಲ್ಲೇ ನಿಂತ. ಯಾರಿಗೆ ಯಾವುದು ಹಿಡಿಸುತ್ತದೋ.

ಖಾಸಗಿ ಕೇಂದ್ರಗಳ ಬಗ್ಗೆ ಎಚ್ಚರ. ನಮ್ಮ ಪರಿಚಯದ ಒಬ್ಬ ಹುಡುಗ ಒಂದು ಕಡೆಯಿಂದ ಮೂರು ತಿಂಗಳ ನಂತರ ಬಂದಾಗ ಮಣಿಕಟ್ಟಿನಲ್ಲಿ ಹಗ್ಗದ ಗುರುತು ಇತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಮದ್ಯ, ಡ್ರಗ್ಸ್ ವ್ಯಸನವೂ ಬರುತ್ತದೆ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ. ಸೇರಿಸುವ ಮೊದಲು ಕೇಳಿ: ಸೈಕಿಯಾಟ್ರಿಸ್ಟ್ ವಾರಕ್ಕೆ ಎಷ್ಟು ದಿನ ಬರುತ್ತಾರೆ? ರಾತ್ರಿ ಫಿಟ್ಸ್ ಬಂದರೆ ಯಾರಿದ್ದಾರೆ? ನಾವು ನೋಡಲು ಬರಬಹುದಾ? ಕೊನೆಯದ್ದಕ್ಕೆ ಇಲ್ಲ ಎಂದರೆ ಬ್ಯಾಗ್ ಎತ್ತಿಕೊಂಡು ವಾಪಸ್ ಬನ್ನಿ.

ಮಾತಾಡುವ ಹೊತ್ತು ಬೆಳಿಗ್ಗೆ. ಕುಡಿದು ಬಂದ ರಾತ್ರಿ ಹೇಳಿದ್ದೆಲ್ಲ ಗೋಡೆಗೆ ಹೇಳಿದ ಹಾಗೆ, ಜಗಳ ಮಾತ್ರ ಉಳಿಯುತ್ತದೆ. "ನಿನ್ನಿಂದ ಮನೆ ಹಾಳಾಯಿತು" ಬೇಡ. "ನಿನ್ನೆ ಗಾಡಿಯಿಂದ ಬಿದ್ದೆ, ಮಗಳು ನೋಡಿ ಅತ್ತಳು" ಎಂದು ಆದದ್ದಷ್ಟೇ ಹೇಳಿ. ಅಕ್ಕ ಇದನ್ನು ಕಲಿಯಲು ಎರಡು ವರ್ಷ ತೆಗೆದುಕೊಂಡಳು. ನಾನಿನ್ನೂ ಪೂರ್ತಿ ಕಲಿತಿಲ್ಲ.

ಐಸಿಯುವಿನಿಂದ ಬಂದ ಭಾವ ನಾಲ್ಕನೇ ತಿಂಗಳಿಗೆ ಮತ್ತೆ ಕುಡಿದ. ನಾನು ಮುಖ ತಿರುಗಿಸಿಕೊಂಡೆ. ಆಮೇಲೆ ಡಾಕ್ಟರು ಹೇಳಿದರು, ಶುಗರ್ ಏರಿದರೆ ರೋಗಿಯನ್ನು ಮನೆಯಿಂದ ಹೊರಗೆ ಹಾಕುತ್ತೀರಾ ಎಂದು. ಎರಡನೇ ಸಲ ಸರಿಯಾಗಿ ಅಡ್ಮಿಟ್ ಮಾಡಿದೆವು. ತುಡಿತ ತಗ್ಗಿಸುವ ನಾಲ್ಟ್ರೆಕ್ಸೋನ್ ಬರೆದುಕೊಟ್ಟರು. ಅವನು ಯಾವಾಗ ಜಾರುತ್ತಾನೆ ಎಂದು ಅಕ್ಕ ಕ್ಯಾಲೆಂಡರಿನಲ್ಲಿ ಗುರುತು ಹಾಕಿದಳು. ಪಾಲು ಸಿಗುವ ದಿನ. ದೈವದ ನೇಮದ ರಾತ್ರಿ. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ರಜೆ, ಒಟ್ಟು 61 ದಿನ ಕೈಗೆ ಕೆಲಸ ಇಲ್ಲ. ಈಗ ಪಾಲಿನ ದುಡ್ಡು ಬೋಟಿನ ಮಾಲೀಕರಿಂದ ನೇರ ಅಕ್ಕನ ಖಾತೆಗೆ ಹೋಗುತ್ತದೆ, ಭಾವನೇ ಹೇಳಿ ಮಾಡಿಸಿದ್ದು. ರಜೆಯಲ್ಲಿ ಬೆಳಿಗ್ಗೆ ಬಲೆ ನೇಯುತ್ತಾನೆ, ಸಂಜೆ ನನ್ನ ಅಂಗಡಿಯಲ್ಲಿ ಕೂರುತ್ತಾನೆ. ನಡುವೆ ಎರಡು ಸಲ ಜಾರಿದ್ದಾನೆ. ಎರಡೂ ಸಲ ಮರುದಿನವೇ ಡಾಕ್ಟರಲ್ಲಿಗೆ ಹೋದೆವು.

ಈ ಸಲ ಬೋಟು ಇಳಿಯುವ ಹಿಂದಿನ ದಿನ ಅಂಗಡಿಗೆ ಬಂದ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಸ್ಟ್ರಿಪ್ ಹಾಕಿ, ಉಪ್ಪುನೀರು ತಾಗದ ಹಾಗೆ ಮೇಲಿಂದ ಟೇಪ್ ಸುತ್ತಿದ್ದ. ಕೌಂಟರಿನ ಮೇಲೆ ಬಿಚ್ಚಿ ಎಣಿಸಿದ. ಹತ್ತು ದಿನದ ಟ್ರಿಪ್ಪಿಗೆ ಹನ್ನೆರಡು ಮಾತ್ರೆ. "ಗಾಳಿ ಎದ್ದರೆ ಎರಡು ದಿನ ತಡ ಆಗುತ್ತದೆ ಮಾರಾಯ" ಎಂದು ಮತ್ತೆ ಟೇಪ್ ಸುತ್ತಿದ.